ಸೀಲು ಒಡೆದ ಲಕೋಟೆ

ಹಂಗಾಮಿ ಕೆಲಸದ ಕಂಪ್ಯೂಟರ್ ಮೇಡಂ ಮಸ್ಕಿಯಿಂದ ಸಿಂಧನೂರಿನ ನಮ್ಮ ಕಾಲೇಜಿಗೆ ಬಸ್ಸಿನಲ್ಲಿ ಬರುತ್ತಿದ್ದರು. ಜ್ವರ ನೋಡುವಂತೆ ಹಳೆಯ ಕಂಪ್ಯೂಟರುಗಳ ಮೇಲೆ ಅಂಗೈ ಇಡುತ್ತಿದ್ದರು. "ಅವಸರ ಬ್ಯಾಡ್ರೀ" ಎನ್ನುವುದು ಅವರ ಮಾತು. ಆ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಸಾಫ್ಟ್‌ವೇರಿಗಾಗಿ ಅವರು ವಿಶ್ವವಿದ್ಯಾಲಯಕ್ಕೆ ಹಲವು ಸಲ ಬರೆದ ಮೇಲೆ ಲಕೋಟೆ ಬಂತು. ಬಂದ ಟಪಾಲನ್ನೆಲ್ಲ ಒಡೆದು ಠಸ್ಸೆ ಒತ್ತುವುದು ಗುಮಾಸ್ತನಾದ ನನ್ನ ರೂಢಿ. ಒಳಗಿದ್ದ ಸಾಫ್ಟ್‌ವೇರ್ ಡಿಸ್ಕಿನ ಪೊಟ್ಟಣದ ಸೀಲನ್ನೂ ಒಡೆದುಬಿಟ್ಟೆ.

ಮೇಡಂ ನೋಡಿ ಬಿಳಿಚಿಕೊಂಡರು. "ಅಯ್ಯೋ, ಇದು ಹೊಸ ಮಷೀನಿನ ಸಾಫ್ಟ್‌ವೇರ್ ಐತ್ರೀ, ನಮ್ಮವಕ್ಕ ನಡಿಯಂಗಿಲ್ಲ. ಸೀಲ್ ಒಡದ್ರ ಲೈಸೆನ್ಸ್ ಒಪ್ಪಿಕೊಂಡಂಗ. ವಾಪಸ್ ತಗೊಳ್ಳಂಗಿಲ್ಲ."

ಅಷ್ಟರಲ್ಲಿ ಪ್ರಿನ್ಸಿಪಾಲರು ಬಂದರು. "ಯಾರು ಒಡದೋರು?"

"ನಾನ ಒಡದೀನ್ರೀ ಸರ್," ಎಂದರು ಮೇಡಂ.

ನಾನು ಬೆಚ್ಚಿಬಿದ್ದೆ, ಬಾಯಿ ಬಿಡಲಿಲ್ಲ. ಮರುವರ್ಷ ಅವರನ್ನು ಕೆಲಸಕ್ಕೆ ಕರೆಯುವುದಿಲ್ಲ ಎಂದು ಪ್ರಿನ್ಸಿಪಾಲರು ತಿಳಿಸಿದರು. ಕೊನೆಯ ದಿನ ಬಸ್ ಸ್ಟ್ಯಾಂಡಿನವರೆಗೆ ಅವರ ಚೀಲ ಹೊತ್ತುಕೊಂಡು ಹೋದೆ. ಆಗಲೂ ಬಾಯಿ ಬಿಡಲಿಲ್ಲ.