ಕಾಪ್ರಿ ದ್ವೀಪದಲ್ಲಿ ಚೆಲ್ಲಿದ ಕೂಜ

ಚೌರಪ್ಪ ಆ ಕೂಜ ಮುಟ್ಟಲೇ ಇಲ್ಲ. ಮುಟ್ಟಿದವನು ನಾನು, ಚೆಲ್ಲಿದವನು ನಾನು, ಆಮೇಲೆ ಅದರೊಳಗೆ ಯಾವುದೋ ಕಡಲ ದಂಡೆಯ ನಲ್ಲಿ ನೀರು ತುಂಬಿ ಕಾವೇರಿ ಅಂತ ಕುಡಿಸಿದವನೂ ನಾನೇ. ಕೊನೆಗೆ ಒಂದೇ ಒಂದು ಮಾತಲ್ಲಿ ಎಲ್ಲಾನೂ ಆ ಮನುಷ್ಯನ ತಲೆ ಮೇಲೆ ಹಾಕ್ಬುಟ್ಟೆ.

ಇದನ್ನ ಹೇಳ್ತಿರೋದು ಮೈಸೂರಲ್ಲಿ ನನ್ನ ಲಾಂದ್ರದ ಚಿತ್ರ ನೋಡೋಕೆ ಬಂದಿದ್ರಲ್ಲ, ನಿಮಗೇ. ಗೋಡೆಗೆ ಬಿಳಿ ಪಂಚೆ ಕಟ್ಟಿ, ಗಾಜಿನ ಚಿತ್ರ ಒಂದೊಂದಾಗಿ ಬಿಟ್ಟು, "ಇದೇ ನೋಡಿ ಕಾಪ್ರಿ, ಇದೇ ನೀಲಿ ಗುಹೆ" ಅಂತ ನಾನು ಕೋಲು ಆಡಿಸ್ತಿದ್ರೆ ನೀವು ಬಾಯಿ ಬಿಟ್ಕೊಂಡು ಕೂತಿರ್ತಿದ್ರಿ. ಆ ಲಾಂದ್ರ ನಾನೇ ಕಟ್ಟಿದ್ದು, ಗೊತ್ತಲ್ಲ — ಬಿಸ್ಕತ್ತಿನ ಡಬ್ಬ, ಕಾರ್ಬೈಡ್ ದೀಪ, ಗುಜರಿಯಲ್ಲಿ ಸಿಕ್ಕ ದುರ್ಬೀನಿನ ಗಾಜು. ಯಾರೂ ಕಲಿಸಿದ್ದಲ್ಲ. ಇಂಗ್ಲಿಷೂ ಅಂಗೇ, ವಾಚನಾಲಯದ ಹಳೇ ಪೇಪರ್ ಓದಿ ಓದಿ... ಇರ್ಲಿ, ನನ್ನ ಹೊಗಳಿಕೆ ಮತ್ತೆ ಶುರುವಾಯ್ತು. ಕೆಟ್ಟ ಚಾಳಿ. ಮಾತು ಏನಪ್ಪಾ ಅಂದ್ರೆ, ನಿಮ್ಮಲ್ಲಿ ಒಬ್ಬರೂ ಕೇಳಲಿಲ್ಲ — ಬೋಗಾದಿಯ ಒಕ್ಕಲು ಮನೆ ಹುಡುಗ ಅಷ್ಟು ದೂರ ಯಾರ ಜೊತೆ ಹೋದ, ಹೋದವರೆಲ್ಲ ಎಂಗೆ ವಾಪಸ್ ಬಂದ್ರು ಅಂತ. ನಿಮಗೆ ಬಣ್ಣ ಬೇಕಿತ್ತು. ನನಗೆ ಚಪ್ಪಾಳೆ ಬೇಕಿತ್ತು. ಸರಿಹೋಯ್ತು ಇಬ್ಬರಿಗೂ.

ಹೋಗಿದ್ದು ನಮ್ಮ ಯಜಮಾನರ ಜೊತೆ. ಹೆಸರು ಬೇಡ. ದೊಡ್ಡ ಮನೆ, ದೊಡ್ಡ ಪೇಟ, ಅವೆರಡಕ್ಕಿಂತ ದೊಡ್ಡ ಹೊಟ್ಟೆ. ಅವರಿಗೆ ಯೂರೋಪೂ ನೋಡ್ಬೇಕು, ಜಾತಿನೂ ಕೆಡಬಾರದು. ಅದಕ್ಕೆ ಏನ್ ಮಾಡಿದ್ರು? ಶ್ರೀರಂಗಪಟ್ಟಣದಲ್ಲಿ ಕಾವೇರಿ ನೀರು ಪೀಪಾಯಿಗಟ್ಟಲೆ ತುಂಬಿಸಿ, ಅರಗು ಒತ್ತಿಸಿ, ಬೊಂಬಾಯಿಗೆ ಸಾಗಿಸಿ ಹಡಗಿಗೆ ಹತ್ತಿಸಿದ್ರು. ಕಡಲು ದಾಟಿದರೂ ಹೊಟ್ಟೆಯೊಳಗೆ ಕಾವೇರಿನೇ ಇರಬೇಕಂತೆ. ಹಡಗಲ್ಲಿ ಬಿಳಿ ದೊರೆಗಳ ಪಕ್ಕ ಕೂತು ಬ್ರಾಂದಿ ಕುಡೀತಿದ್ರು — ಅದು ಔಷಧಿ. ಬ್ರಾಂದಿಗೆ ಬೆರೆಸೋದು ಮಾತ್ರ ಕಾವೇರಿ. ನಾನು ಕಣ್ಣಾರೆ ಕಂಡಿದೀನಿ, ನಗಬೇಡಿ.

ಅಡುಗೆ ಭಟ್ಟರು ಕಡಲು ದಾಟಲ್ಲ ಅಂದ್ಬುಟ್ರು. ಅದಕ್ಕೇ ನೀರಿನ ಕೆಲಸ ನನಗೆ ಬಂತು. ದಿನಾ ಬೆಳಿಗ್ಗೆ ಪೀಪಾಯಿಂದ ತಾಮ್ರದ ಕೂಜಕ್ಕೆ ನೀರು ತುಂಬಿಸಿ, ಯಜಮಾನರು ಹೋದಕಡೆಯೆಲ್ಲ ಹೊತ್ಕೊಂಡು ಹೋಗೋದು. ಬೇರೆ ಯಾರ ಕೈಗೂ ಕೊಡಂಗಿಲ್ಲ, ಎಲ್ಲೂ ಇಟ್ಟು ಹೋಗಂಗಿಲ್ಲ. ಬೇರೆ ಯಾರು ಅಂದ್ರೆ ಯಾರು? ಚೌರಪ್ಪ. ಇನ್ಯಾರಿದ್ರು ಅಲ್ಲಿ.

ಚೌರಪ್ಪ ಮೈಸೂರಿನ ಕ್ಯಾಥೊಲಿಕ್ ಮನುಷ್ಯ, ಚರ್ಚಿನ ಹಿಂದಿನ ಬೀದಿಯವನು. ಬಂಗಲೆಗಳಲ್ಲಿ ಬಟ್ಲರ್ ಆಗಿ ಪಳಗಿದ್ದ. ಕೋಟು ಇಸ್ತ್ರಿ, ಬೂಟು ಪಾಲಿಶ್, ಮುಳ್ಳುಚಮಚ ಯಾವ ಕೈಲಿ ಹಿಡೀಬೇಕು — ಎಲ್ಲಾ ಅವನಿಂದಲೇ ಯಜಮಾನರು ಕಲೀಬೇಕು. ಪೇಟ ಸುತ್ತಿ ಕೊಡೋನೂ ಅವನೇ. ಪೇಟ ಮುಟ್ಟಬಹುದು, ಮೈ ಮುಟ್ಟಬಹುದು, ನೀರು ಮುಟ್ಟಬಾರದು! ಇದರಲ್ಲಿ ಏನು ನ್ಯಾಯ ಅಂತ ನಾನೂ ಕೇಳಲಿಲ್ಲ. ನನಗೆ ಅದೊಂದು ದೊಡ್ಡಸ್ತಿಕೆ ಆಗೋಗಿತ್ತು ನೋಡಿ. ಕೂಜ ತೊಡೆ ಮೇಲಿಟ್ಕೊಂಡು ಮೀಸೆ ಇಲ್ಲದಿದ್ರೂ ಮೀಸೆ ತಿರುವ್ತಿದ್ದೆ.

ಅವನು ಬಂದಿದ್ದು ಸಂಬಳಕ್ಕಲ್ಲ. ರೋಮ್ ನೋಡೋಕೆ. "ನೇಪಲ್ಸಲ್ಲಿ ಇಳಿದು ರೋಮಿಗೆ ಹೋಗ್ತೀವಿ, ನಿನ್ನ ಪೋಪ್ ದೇವಸ್ಥಾನ ತೋರಿಸ್ತೀನಿ ಬಾ" ಅಂತ ಯಜಮಾನರು ಮಾತು ಕೊಟ್ಟಿದ್ರು. ಅವನ ಬೀದಿಯಲ್ಲಿ ಅವತ್ತಿಂದ ಅವನದೇ ಮಾತು. ಹೊರಡೋ ದಿನ ಮನೆಮನೆಯವರೂ ಬಂದು ತಮ್ಮ ತಮ್ಮ ಜಪಮಾಲೆ ಕೊಟ್ಟು, "ಚೌರಪ್ಪಣ್ಣ, ಅಲ್ಲಿ ಸಂತ ಪೇತ್ರನ ವಿಗ್ರಹದ ಪಾದಕ್ಕೆ ಮುಟ್ಟಿಸ್ಕೊಂಡು ಬಾ ಕಣಣ್ಣ" ಅಂದ್ರಂತೆ. ಅವನ್ನೆಲ್ಲ ಒಂದು ಕೆಂಪು ವಸ್ತ್ರದಲ್ಲಿ ಗಂಟು ಕಟ್ಟಿ ಎದೆ ಹತ್ರ ಇಟ್ಕೊಂಡಿದ್ದ. ಹಡಗಲ್ಲಿ ನಾನು ಹಂಗಿಸ್ತಿದ್ದೆ, "ಏನಣ್ಣ, ಮದುವೆ ತಾಳಿನಾ ಅದು?" ಅಂತ.

"ನಿಂಗೆ ಕೂಜ, ನಂಗೆ ಗಂಟು. ಬುಡು," ಅಂತಿದ್ದ.

ನೇಪಲ್ಸಲ್ಲಿ ಇಳಿದ ಮಾರನೇ ದಿನ ಕಾಪ್ರಿ ದ್ವೀಪಕ್ಕೆ ಒಂದು ದಿನದ ದೋಣಿ ಪ್ರವಾಸ. ಬೆಳಿಗ್ಗೆ ಹೊಗೆದೋಣಿ ಹತ್ತಿದ್ರೆ ಸಂಜೆಗೆ ವಾಪಸ್. ಹಿಂದೆ ಹೊಗೆ ಉಗುಳೋ ಬೆಟ್ಟ, ಮುಂದೆ ಆ ದ್ವೀಪ — ಕಡಲಲ್ಲಿ ಮಂಡಿಯೂರಿ ಕೂತ ಎಮ್ಮೆ ಥರ. ದೋಣಿ ತುಂಬ ದೊರೆಸಾನಿಯರು, ಛತ್ರಿ, ಟೋಪಿ, ಕೀರಲು ದನಿ. ಅಲೆ ಒಂಚೂರು ಎದ್ದಿದ್ದೇ ತಡ ನಮ್ಮ ಯಜಮಾನರು ಒರಗು ಕುರ್ಚಿ ಮೇಲೆ ಹಣೆಗೆ ಒದ್ದೆ ಬಟ್ಟೆ ಹಾಕ್ಕೊಂಡು ಬಿದ್ರು. ಪೇಟ ಚೌರಪ್ಪನ ಕೈಯಲ್ಲಿ, ಕೂಜ ನನ್ನ ಕೈಯಲ್ಲಿ.

ಗುಹೆ ಹತ್ರ ದೋಣಿ ನಿಂತ್ಕೊಂಡಾಗ ಸಣ್ಣ ಸಣ್ಣ ತೆಪ್ಪದಂಥ ದೋಣಿಗಳು ಬಂದ್ವು. ಬೇಕಾದವರು ಇಳಿದು ಒಳಗೆ ಹೋಗಿ ಬರಬಹುದು. ಅಯ್ಯೋ, ನಾನು ಆ ಗುಹೆ ಬಗ್ಗೆ ಎಷ್ಟು ಓದಿದ್ದೆ ಅಂತೀರಾ! ಬಿಸಿಲು ನೀರಿನ ಕೆಳಗಿಂದ ನುಗ್ಗಿ ಒಳಗೆಲ್ಲ ನೀಲಿ ಆಗುತ್ತೆ ಅನ್ನೋದನ್ನ ಬೋಗಾದಿ ಕೆರೆಯಲ್ಲಿ ಮುಳುಗಿ ಕಣ್ಣು ಬಿಟ್ಟು ಪರೀಕ್ಷೆ ಮಾಡಿದವನು ನಾನು. ಯಜಮಾನರನ್ನ ಎಬ್ಬಿಸಿ ಕೇಳಿದ್ರೆ ಬಿಡಲ್ಲ. ಅವರಿಗೆ ನಿದ್ದೆ.

ಚೌರಪ್ಪ ಮೆಲ್ಲಗೆ ಅಂದ: "ಹೋಗ್ಬಾ ಮಾದ. ಕೂಜ ಇಲ್ಲೇ ಇಡು. ನಾನು ದೂರ ನಿಂತು ನೋಡ್ಕೋತೀನಿ, ಮುಟ್ಟಲ್ಲ."

ನಾನು ಏನಂದೆ? "ಬೇಡಪ್ಪಾ ಸಾಮಿ, ನಿನ್ನ ನೆರಳು ಬಿದ್ದು ಕೆಟ್ಟರೆ?" ಅಂತ ನಕ್ಕೆ. ತಮಾಷೆಗೆ. ತಮಾಷೆಗೇ ಅಂದಿದ್ದು, ಆದ್ರೂ...

ಕೂಜ ಎತ್ಕೊಂಡೇ ಇಳಿದೆ. ಗುಹೆ ಬಾಯಿ ಅಂದ್ರೆ ನಾಯಿ ನುಗ್ಗೋ ಕಂಡಿ. ಅಂಬಿಗ ಅವನ ಭಾಷೇಲಿ ಕೂಗಿದ, ಎಲ್ಲರೂ ದೋಣಿ ತಳದಲ್ಲಿ ಅಂಗಾತ ಮಲಗಿದ್ರು. ನಾನೂ ಮಲಗಿದೆ — ಕೂಜಕ್ಕೆ ದೋಣಿ ತಳದ ಕೊಳೆ ನೀರು ತಾಗಬಾರದು ಅಂತ ಎದೆ ಮೇಲೆ ನೆಟ್ಟಗೆ ನಿಲ್ಲಿಸ್ಕೊಂಡು! ಇಂಥ ಬುದ್ಧಿವಂತಿಕೆ ನಮ್ಮೋರಿಗೆ ಬಿಟ್ರೆ ಇನ್ಯಾರಿಗೆ ಬರುತ್ತೆ ಹೇಳಿ. ಅಲೆ ಎತ್ತಿ ಹಾಕ್ತು. ಕೂಜ ಬಂಡೆಗೆ ಬಡೀತು. ಸವೆದ ತಿರುಪಿನ ಮುಚ್ಚಳ ಹಾರಿ ನೀರಿಗೆ ಬಿತ್ತು, ಕೂಜ ಉರುಳಿ ಬರಿದಾಯ್ತು. ತಲೆ ಎತ್ತಿದ್ರೆ ನಾನು ಒಳಗಿದ್ದೆ.

ಆ ನೀಲಿ. ಅದನ್ನ ನಿಮಗೆ ಎಷ್ಟು ಸಲ ಬಣ್ಣಿಸಿದೀನಿ. ಬಟ್ಟೆಗೆ ಹಾಕೋ ನೀಲಿಯಲ್ಲ, ನವಿಲಿನ ನೀಲಿನೂ ಅಲ್ಲ. ಹುಟ್ಟು ಎತ್ತಿದರೆ ಬೆಳ್ಳಿ ಸುರೀತಿತ್ತು. ನಾನು ಅದನ್ನ ನೋಡಲೇ ಇಲ್ಲ ಅಂದ್ರೆ ನಂಬ್ತೀರಾ? ಒಂದು ಮುಚ್ಚಳ ಬೆಳಗ್ತಾ ಬೆಳಗ್ತಾ ಕೆಳಗೆ ಇಳಿದು ಹೋಗೋದನ್ನ ನೋಡ್ತಿದ್ದೆ. ನಿಮಗೆ ಹೇಳಿದ್ದೆಲ್ಲ ಆಮೇಲೆ ಪುಸ್ತಕದಲ್ಲಿ ಓದಿದ್ದು.

ದ್ವೀಪದ ದಂಡೆಗೆ ಇಳಿದಾಗ ಮೀನಿನ ಬುಟ್ಟಿಗಳ ಪಕ್ಕ ಒಂದು ನಲ್ಲಿ ಇತ್ತು. ಕೂಜ ತುಂಬಿಸ್ದೆ, ಬಾಯಿಗೆ ಕರವಸ್ತ್ರ ತುರುಕಿದೆ. ಚೌರಪ್ಪ ನೋಡ್ದ.

"ಹೇಳ್ಬುಡು ಕಣೋ. ಬೈತಾರೆ, ಅಷ್ಟೇ. ಪೀಪಾಯಿಲಿ ಇನ್ನೂ ಇದೆಯಲ್ಲ."

"ನಿನ್ ಕೆಲಸ ನೋಡ್ಕೋ ಹೋಗು," ಅಂದೆ.

ಹಗ್ಗ ಎಳೆಯೋ ರೈಲಲ್ಲಿ ಮೇಲಿನ ಊರಿಗೆ ಹೋದ್ವಿ. ನಿಂಬೆ ತೋಟ, ಸುಣ್ಣ ಹೊಡೆದ ಮನೆ, ಕೆಳಗೆ ಕಡಲು. ಊಟದ ಮೇಜಲ್ಲಿ ದೊರೆಗಳ ಎದುರು ಯಜಮಾನರು ಬೆಳ್ಳಿ ಲೋಟ ಚಾಚಿದ್ರು. ಸುರಿದೆ. ಕುಡಿದ್ರು. ಕಣ್ಣು ಮುಚ್ಚಿ, ತಲೆ ತೂಗಿ, "ಆಹಾ! ಎಲ್ಲಿಗೆ ಹೋದರೂ ಕಾವೇರಿ ಕಾವೇರಿನೇ ಕಣೋ ಮಾದ," ಅಂದ್ರು. ಆಮೇಲೆ ಇಂಗ್ಲಿಷಲ್ಲಿ ಆ ನೀರಿನ ರುಚಿ ಬಗ್ಗೆ ದೊರೆಗಳಿಗೆ ಭಾಷಣ. ಆ ಬಂಡೆ ದ್ವೀಪದ ನಲ್ಲಿ ನೀರಿನ ರುಚಿ! ನನ್ನ ಹೊಟ್ಟೆಯೊಳಗೆ ನಗು ಉಕ್ಕಿ ಬಂತು. ಭಯವೆಲ್ಲ ಹೋಗಿ ತಾತ್ಸಾರ ಬಂತು. ಇಷ್ಟೇನಾ ಈ ಮನುಷ್ಯ ಅನ್ನಿಸ್ತು. ಇಷ್ಟೇನಾ ಅಂದ ಬಾಯಲ್ಲೇ ಸಂಜೆ ನಾನು —

ವಾಪಸ್ ಬರೋ ದೋಣಿಯಲ್ಲಿ ಅವರ ಕಣ್ಣು ಕೂಜದ ಮೇಲೆ ಬಿತ್ತು. ಹೊಟ್ಟೆ ನೆಗ್ಗಿದೆ, ಮುಚ್ಚಳ ಇಲ್ಲ.

"ಯಾರೋ ಇದರ ಮೇಲೆ ಕೈ ಹಾಕಿದ್ದು?"

ನಿಜ ಹೇಳಿದ್ರೆ ಗುಹೆ ವಿಚಾರ ಬರುತ್ತೆ, ನಲ್ಲಿ ವಿಚಾರ ಬರುತ್ತೆ. ಒಂದು ಹೆಸರು ಹೇಳಿದ್ರೆ ಒಳಗಿದ್ದ ನೀರಿನ ಬಗ್ಗೆ ಯಾರೂ ಕೇಳಲ್ಲ. ಇಷ್ಟು ಲೆಕ್ಕ ಒಂದೇ ಉಸಿರಲ್ಲಿ ಹಾಕಿದೆ. ಜಾಣ ಅಲ್ವಾ ನಾನು.

"ಚೌರಪ್ಪ ಮುಟ್ಟಿದ, ಬುದ್ಧಿ. ಅವನ ಕೈ ಜಾರಿ ಬಿತ್ತು."

"ಇಲ್ಲ ಬುದ್ಧಿ, ನಾನು—"

"ಬಾಯ್ಮುಚ್ಚು! ನನಗೆ ಕುಡಿಸಿದ್ರೇನೋ ಅದನ್ನ?"

ಚೌರಪ್ಪ ನನ್ನ ಮುಖ ನೋಡ್ದ. ಮತ್ತೆ ಮಾತಾಡಲಿಲ್ಲ. ಯಜಮಾನರು ಕಟಕಟೆ ಹಿಡಿದು ಕಡಲಿಗೆ ವಾಂತಿ ಮಾಡ್ಕೊಂಡ್ರು — ಬ್ರಾಂದಿ ದಕ್ಕಿತ್ತು, ಕ್ರಿಸ್ತಾನ ಮುಟ್ಟಿದ ನೀರು ದಕ್ಕಲಿಲ್ಲ.

ಅವನನ್ನ ನೇಪಲ್ಸ್ ಬಂದರಲ್ಲೇ ಬಿಟ್ಟು, ಮುಂದಿನ ಹಡಗಲ್ಲಿ ಊರಿಗೆ ಕಳಿಸೋ ಏರ್ಪಾಡು ಆಯ್ತು. ರೋಮಿಗೆ ಅಲ್ಲಿಂದ ರೈಲಲ್ಲಿ ಅರ್ಧ ದಿನದ ದಾರಿ ಕೂಡ ಇಲ್ಲ. ನಾವು ರೋಮಿಗೆ ಹೊರಡುವಾಗ ಅವನು ಪೆಟ್ಟಿಗೆ ಮೇಲೆ ಕೂತಿದ್ದ, ಗಂಟು ತೊಡೆ ಮೇಲೆ. "ಕೊಡು, ನಾನಾದರೂ ಮುಟ್ಟಿಸ್ಕೊಂಡು ಬರ್ತೀನಿ" ಅನ್ನಬಹುದಿತ್ತು. ಯಜಮಾನರು ನೋಡ್ತಾರೇನೋ ಅಂತ ಕತ್ತು ತಿರುಗಿಸಿ ನಡೆದೆ. ರೋಮನ್ನ ನಾನು ನೋಡ್ದೆ. ಅವನು ನೋಡಬೇಕಾದ್ದು.

ಮೈಸೂರಿಗೆ ಬಂದು ಅವನು ಮನೆಮನೆಗೆ ಹೋಗಿ ಜಪಮಾಲೆ ವಾಪಸ್ ಕೊಟ್ಟನಂತೆ, "ಮುಟ್ಟಿಸೋಕಾಗಲಿಲ್ಲ" ಅಂತ. ಮುಟ್ಟಿಸ್ದೆ ಅಂದಿದ್ರೆ ಯಾರಿಗೆ ಗೊತ್ತಾಗ್ತಿತ್ತು? ಹೇಳಲಿಲ್ಲ. ಬೀದಿಯಲ್ಲಿ ಮಾತು ಬೆಳೀತು: ಇಟಲಿಗೆ ಹೋಗಿ ರೋಮ್ ನೋಡದೆ ಬಂದವನು ಏನೋ ಕದ್ದು ಸಿಕ್ಕಿಬಿದ್ದಿರ್ಬೇಕು. ಬಂಗಲೆಗಳೂ ಬಾಗಿಲು ಹಾಕಿದ್ವು. ನಾನು ಅಷ್ಟರಲ್ಲಿ ಲಾಂದ್ರ ಕಟ್ತಾ ಇದ್ದೆ.

ಹೋದ ತಿಂಗಳು ಅದೇ ಚರ್ಚಿನ ಹಾಲಲ್ಲಿ ರೋಮಿನ ಚಿತ್ರ ತೋರಿಸಿ ಅಂತ ನನ್ನ ಕರೆದ್ರು. ಹೋದೆ, ನಾಚಿಕೆ ಇಲ್ಲದೆ. ಪೇತ್ರನ ದೇವಾಲಯದ ಚಿತ್ರ ಬಿಟ್ಟಾಗ ಹೆಂಗಸರೆಲ್ಲ ಶಿಲುಬೆ ಗುರುತು ಹಾಕ್ಕೊಂಡ್ರು. ಹಿಂದಿನ ಸಾಲಿಂದ ಒಬ್ಬ ಪಡ್ಡೆ ಕೂಗ್ದ:

"ಚೌರಪ್ಪಣ್ಣೋ, ನೀನೂ ಹೋಗಿದ್ದೆಯಲ್ಲ, ಏನ್ ನೋಡ್ದೆ?"

ಕತ್ತಲಲ್ಲಿ ಅವನ ದನಿ ಬಂತು. "ಹಡಗು ನೋಡ್ದೆ ಕಣಪ್ಪ."

ಹಾಲೆಲ್ಲ ನಕ್ತು. ನಾನು ಮುಂದಿನ ಚಿತ್ರ ಬಿಟ್ಟೆ.

ಮಾರನೇ ದಿನ ಯಜಮಾನರ ಮನೆಗೆ ಹೋಗಿ ಎಲ್ಲಾ ಹೇಳ್ದೆ. ಗುಹೆ, ಬಂಡೆ, ಮೀನಿನ ಬುಟ್ಟಿ ಪಕ್ಕದ ನಲ್ಲಿ. ಒದೀತಾರೆ ಅಂದ್ಕೊಂಡೆ. ಅವರು ಎಲೆಅಡಿಕೆ ಜಗೀತಾ ಯೋಚನೆ ಮಾಡಿದ್ರು.

"ತುಂಬಿಸಿದ್ದು ನೀನೇ ತಾನೇ? ಅವನಲ್ಲವಲ್ಲ?"

"ನಾನೇ, ಬುದ್ಧಿ."

"ಹಂಗಾದ್ರೆ ಸರಿ ಬಿಡು. ಸುಮ್ನೆ ಪ್ರಾಯಶ್ಚಿತ್ತ ಮಾಡಿಸ್ಕೊಂಡೆ."

"ಚೌರಪ್ಪಂಗೆ ಒಂದು ಮಾತು ಹೇಳಿಕಳಿಸಿದ್ರೆ..."

"ಅದೆಲ್ಲ ಈಗ ಯಾಕೋ? ಹೋಗು, ಹೋಗು."

ಅಷ್ಟೇ. ಒಬ್ಬನ ರೋಮ್ ಹೋಗಿದ್ದು ಇಷ್ಟಕ್ಕೆ. ಆ ಮನುಷ್ಯನನ್ನ ಕಂಡ್ರೆ ಉಗೀಬೇಕು ಅನ್ನಿಸ್ತು. ಬೀದಿಗೆ ಬಂದ್ಮೇಲೆ ಹೊಳೀತು — ಅವರು ಆ ಮೈಲಿಗೆನ ನಿಜವಾಗ್ಲೂ ನಂಬಿದ್ರು. ನಾನು ಅದನ್ನ ನಂಬದೆನೇ ಬಳಸ್ಕೊಂಡೆ. ಉಗೀಬೇಕಾದ ಮುಖ ದೂರ ಏನಿರಲಿಲ್ಲ.

ಚೌರಪ್ಪನ ಮನೆಗೆ ಹೋದೆ. ಜಗಲಿ ಮೇಲೆ ಯಾರದೋ ಬೂಟು ಉಜ್ತಿದ್ದ. ಈಗ ಅದೇ ಕೆಲಸ. ಹೇಳಿದ್ದೆಲ್ಲ ಕೇಳ್ದ. "ಅವತ್ತು ನೀನ್ಯಾಕೆ ಸುಮ್ನಾಗ್ಬುಟ್ಟೆ?" ಅಂದೆ. "ನಿನ್ ಮಾತು ನನ್ ಮಾತು ಎರಡೂ ಇಟ್ರೆ ಅವರು ಯಾವುದು ಎತ್ಕೋತಿದ್ರು? ಹೇಳು ನೋಡಾನ," ಅಂದ. ಕ್ಷಮಿಸ್ದೆ ಅನ್ನಲಿಲ್ಲ. ನಾನೂ ಕೇಳಲಿಲ್ಲ.

ಬುರುಸು ಕೆಳಗಿಟ್ಟು, ಬೇರೆ ಕಡೆ ನೋಡ್ತಾ ಒಂದು ಕೇಳ್ದ.

"ಅಲ್ಲಿ ಪೇತ್ರನ ದೇವಾಲಯದಲ್ಲಿ — ಚಪ್ಪಲಿ ಎಲ್ಲಿ ಬಿಡ್ತಾರೆ?"

ನಮ್ಮೂರ ಚರ್ಚಲ್ಲಿ ಎಲ್ಲರೂ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹೋಗ್ತಾರಲ್ಲ. ಅಷ್ಟು ವರ್ಷ ಅವನು ಮನಸ್ಸಲ್ಲೇ ಆ ಬಾಗಿಲ ಹತ್ರ ನಿಂತು ಚಪ್ಪಲಿ ಬಿಡೋ ಜಾಗ ಹುಡುಕ್ತಿದ್ದ ಅಂತ ಕಾಣುತ್ತೆ. ಬಲಗಡೆ ಕಂಬದ ಹತ್ರ ಅಂತ ಒಂದು ಸುಳ್ಳು ನಾಲಿಗೆ ತುದಿಗೆ ಬಂತು. ನನಗೆ ಸುಳ್ಳು ಸುಲಭ.

"ಬಿಡಲ್ಲ ಚೌರಪ್ಪಣ್ಣ. ಬೂಟು ಹಾಕ್ಕೊಂಡೇ ಹೋಗ್ತಾರೆ. ನಾನೂ ಹಾಕ್ಕೊಂಡೇ ಹೋಗಿದ್ದೆ."

ಅವನು ನನ್ನ ಕಾಲು ನೋಡ್ದ. ಆಮೇಲೆ ಬುರುಸು ತಗೊಂಡ.

ಬರೋ ಭಾನುವಾರ ಪೂಜೆ ಆದ್ಮೇಲೆ ಅದೇ ಹಾಲಲ್ಲಿ ಲಾಂದ್ರ ಹಚ್ತೀನಿ. ಚಿತ್ರ ಒಂದೇ, ಆ ಗುಹೆದು. ಇಲ್ಲಿ ಹೇಳಿದ್ದನ್ನ ಅಲ್ಲಿ ಅವನ ಬೀದಿಯವರ ಮುಂದೆ ಬಾಯಿಬಿಟ್ಟು ಹೇಳ್ತೀನಿ, ಹಿಂದಿನ ಸಾಲಿಗೂ ಕೇಳೋ ಹಾಗೆ. ನಗಾಡಿದವರೆಲ್ಲ ಬನ್ನಿ. ಚಪ್ಪಾಳೆ ಬೇಡ. ನಾನು ಬೂಟು ಬಾಗಿಲಲ್ಲೇ ಬಿಟ್ಟು ಬರ್ತೀನಿ.