ಗಾಲಿಕುರ್ಚಿಯ ಚಿತ್ರ

ಶಿರ್ವದ ಒಲಿಂಡಾ ಟೀಚರ್ ದುಬೈಯ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಲೇ ತಲೆ ನರೆಸಿಕೊಂಡವರು. ತಮ್ಮಂದಿರನ್ನು ದಡ ಸೇರಿಸುವುದರಲ್ಲಿ ಮದುವೆಯ ವಯಸ್ಸು ಜಾರಿಹೋಗಿತ್ತು. ಬರ್ ದುಬೈ ಎಂಬ ಬಡಾವಣೆಯಲ್ಲಿ ಇನ್ನಿಬ್ಬರು ಟೀಚರುಗಳ ಜೊತೆ ಒಂದೇ ರೂಮು. ಮೂಗಿನ ತುದಿಯಲ್ಲೇ ಕೋಪ ಎಂದು ಮಕ್ಕಳು ಹೆದರುತ್ತಿದ್ದರು. ಹೆದರಿದ್ದರಲ್ಲಿ ತಪ್ಪೇನೂ ಇರಲಿಲ್ಲ.

2004ರಲ್ಲಿ ಅವರ ಐದನೇ ಕ್ಲಾಸಿಗೆ ಹಿತಾ ಬಂದಳು. ಮೈಸೂರಿನ ನಿರಂಜನ, ಬಿಂದು ದಂಪತಿಯ ಒಬ್ಬಳೇ ಮಗಳು. ಕತೆ ಹೇಳಿದರೆ ಒಂದು ಮಾತೂ ಬಿಡದೆ ಒಪ್ಪಿಸುವ ಹುಡುಗಿಗೆ, ಪುಸ್ತಕ ತೆರೆದರೆ ಅಕ್ಷರಗಳೆಲ್ಲ ಕಲಸಿಹೋಗುತ್ತಿದ್ದವು. ಈ ಸಲವೂ ನಪಾಸಾದರೆ ಶಾಲೆಯಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದು ಪ್ರಿನ್ಸಿಪಾಲರು ಹೇಳಿಯಾಗಿತ್ತು. ಬೇರೆ ಶಾಲೆಗಳು ಆಗಲೇ ಆಗುವುದಿಲ್ಲ ಎಂದಿದ್ದವು. ಉಳಿದದ್ದು ಒಂದೇ ದಾರಿ: ಅಪ್ಪ ಅಮ್ಮನನ್ನು ಬಿಟ್ಟು ಮೈಸೂರಿಗೆ, ಅಜ್ಜಿಯ ಬಳಿಗೆ.

ಶಾಲೆಯ ಕಂಪ್ಯೂಟರುಗಳಲ್ಲಿ, ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ, ಅಕ್ಷರ ಹಿಗ್ಗಿಸಿ ತೋರಿಸುವ ಸೌಲಭ್ಯ ಇತ್ತು. ಯಾರೂ ಕೊಂಡು ತಂದದ್ದಲ್ಲ, ಕಂಪ್ಯೂಟರಿನ ಜೊತೆಗೇ ಬಂದದ್ದು. ಟೀಚರ್ ಪಾಠ ಟೈಪ್ ಮಾಡಿಟ್ಟರು. ನೆಗಡಿಯಾದವರ ಹಾಗೆ ಅದು ಗೊಣಗುತ್ತಾ ಓದಿತು. ಹಿತಾ ಹೆಡ್‌ಫೋನ್ ಹಾಕಿಕೊಂಡು ಪದಪದಕ್ಕೂ ಬೆರಳಿಟ್ಟು ಹಿಂಬಾಲಿಸಿದಳು. ಚಳಿಗಾಲದ ರಜೆಯ ಹೊತ್ತಿಗೆ ತಾನೇ ವಾಕ್ಯ ಬರೆದು, ಅದರಿಂದ ಓದಿಸಿಕೊಂಡು, ತಿದ್ದತೊಡಗಿದಳು.

"ಮಿಸ್, ಇಟ್ ಸೌಂಡೆಡ್ ಫನ್ನಿ. ಸೋ ಐ ಫಿಕ್ಸ್‌ಡ್ ಇಟ್."

ಆ ದಿನ ಟೀಚರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಪ್ರಿನ್ಸಿಪಾಲರ ಬೆನ್ನು ಬಿದ್ದು, ಹಿತಾ ಕಂಪ್ಯೂಟರಿನಲ್ಲೇ ಪರೀಕ್ಷೆ ಬರೆಯಲು ಒಪ್ಪಿಸಿದರು. ತಂದೆತಾಯಿ ಹ್ಞೂಂ ಅನ್ನಬೇಕಿತ್ತು, ಅಷ್ಟೇ. ಆದರೆ ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ.

ನಿರಂಜನ ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದವನು. ಗಂಡ ಹೆಂಡತಿಯನ್ನು ಶಾಲೆಗೆ ಕರೆಸಿ, ಅವನಿಗೆ ತೋರಿಸಬೇಕೆಂದು ಟೀಚರ್ ಹುರುಪಿನಿಂದ ಆ ಸೌಲಭ್ಯವನ್ನು ತೆರೆಯಹೊರಟರು. ಅದರ ಗುರುತಿಗೆ ಇದ್ದದ್ದು ಒಂದು ಗಾಲಿಕುರ್ಚಿಯ ಚಿತ್ರ.

"ಇದೇನ್ ಮೇಡಂ, ವೀಲ್‌ಚೇರು? ನನ್ ಮಗಳ ಕೈಕಾಲು ಗಟ್ಟಿಯಾಗಿವೆ."

"ಅದು ಬರೀ ಚಿತ್ರ ಮಾರಾಯ್ರೆ. ನೀವು ಕಂಪ್ಯೂಟರಿನವರು, ನಿಮಗೆ ನಾನು ಎಂತ ಹೇಳುದು?"

"ಕಂಪ್ಯೂಟರ್‌ನೋನಾದ್ರಿಂದ್ಲೇ ಹೇಳ್ತಿರೋದು. ಇದನ್ನ ಯಾರಿಗೆ ಅಂತ ಮಾಡಿದಾರೆ ನಂಗೊತ್ತು. ನಾಳೆ ನಮ್ಮವರಲ್ಲಿ ನಾಲ್ಕು ಜನಕ್ಕೆ ತಿಳಿದ್ರೆ? ಹೆಣ್ಣು ಮಗು ಮೇಡಂ. ಖಲಾಸ್, ಬೇಡ."

"ರೀ, ಓದ್ತಿದಾಳಲ್ರೀ," ಎಂದಳು ಬಿಂದು. ಅವನು ಅವಳತ್ತ ತಿರುಗಲಿಲ್ಲ.

ಒಂದಿಷ್ಟು ಬೆಣ್ಣೆ ಹಚ್ಚಿ ಮಾತಾಡಿದ್ದರೆ ಕರಗುತ್ತಿದ್ದನೋ ಏನೋ. ಒಲಿಂಡಾ ಟೀಚರಿಗೆ ಅದು ಹುಟ್ಟಿನಿಂದಲೇ ಬಾರದು. "ಹಾಗಾದ್ರೆ ನೀವೇ ಮಗುವನ್ನು ಮುಳುಗಿಸಿ," ಎಂದುಬಿಟ್ಟರು. ಮಾತು ಆಡಿದರೆ ಹೋಯಿತು. ನಿರಂಜನ ಹೆಂಡತಿಯನ್ನು ಎಬ್ಬಿಸಿಕೊಂಡು ನಡೆದ.

ಬಾಗಿಲಲ್ಲಿ ನಿಂತಿದ್ದ ಹಿತಾ ಕೇಳಿದಳು, "ಮಿಸ್, ಆಮ್ ಐ ಸಿಕ್?"

ಅಲ್ಲ ಮಗಾ ಎಂದು ಟೀಚರ್ ತಲೆ ಸವರಿದರು. ಮಗು ನಂಬಿದ ಹಾಗೆ ಕಾಣಲಿಲ್ಲ.

ಮಾರ್ಚಿನಲ್ಲಿ ಎಲ್ಲರಂತೆ ಅವಳ ಕೈಗೂ ಪ್ರಶ್ನೆಪತ್ರಿಕೆ ಬಂತು. ತಲೆಯೆತ್ತದೆ ಬರೆದಳು. ಹಾಳೆ ತುಂಬುವುದನ್ನು ದೂರದಿಂದಲೇ ನೋಡಿ ಟೀಚರ್ ಮನಸ್ಸಿನಲ್ಲೇ ಮೇರಿಮಾತೆಗೆ ಮೇಣದಬತ್ತಿ ಹರಸಿಕೊಂಡರು.

ಸಂಜೆ ತಿದ್ದಲು ಕುಳಿತಾಗ ಆ ಹಾಳೆ ಕೈಗೆ ಬಂತು. ಉತ್ತರ ಬರೆಯಬೇಕಾದ ಪ್ರತಿ ಜಾಗದಲ್ಲೂ ಆಯಾ ಪ್ರಶ್ನೆಯನ್ನೇ ನೋಡಿ ಇಳಿಸಿದ್ದಳು. ದುಂಡಾದ ಅಕ್ಷರ, ಎಲ್ಲಿಯೂ ಒಂದು ತಪ್ಪಿಲ್ಲ. ಒಲಿಂಡಾ ಟೀಚರ್ ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡರು, ಮೇಲೆ ಸೊನ್ನೆ ಬರೆದರು.