ಮ್ಯಾನೇಜರನ ಕತ್ತು ಹೇಳಿದ ಸಾಕ್ಷಿ

ನನ್ನ ಹೆಂಡತಿಯ ತಮ್ಮನಿಗೆ ಊರಲ್ಲಿ ಕತ್ತರಿ ಎಂದೇ ಹೆಸರು. ಎರಡು ಕುರ್ಚಿ, ಒಂದು ಉದ್ದ ಬೆಂಚಿನ ಅವನ ಕ್ಷೌರದಂಗಡಿಯಲ್ಲಿ ಕತ್ತರಿಯ ಸದ್ದಿಗಿಂತ ಫುಟ್‌ಬಾಲಿನ ಸದ್ದೇ ಹೆಚ್ಚು. ನಮ್ಮ ತಂಡ ಸೋತ ದಿನ ಅವನ ಕೈಗೆ ತಲೆ ಕೊಟ್ಟವರು ಆರು ತಿಂಗಳು ಟೋಪಿ ಹಾಕಿಕೊಂಡು ಓಡಾಡಿದ್ದುಂಟು. ನನ್ನ ಕೂದಲೂ ಅಂಥದೊಂದು ಮೂರು-ಸೊನ್ನೆಯ ಸೋಲಿನಲ್ಲೇ ಹೋದದ್ದು. ಆಮೇಲೆ ಬರಲೇ ಇಲ್ಲ.

ತಂಡದ ಮ್ಯಾನೇಜರನ ತಲೆಗೆ ಹನ್ನೊಂದು ವರ್ಷದಿಂದ ಅವನೇ ಒಡೆಯ. ಆ ತಲೆಯ ಹಿಂದೆ ಎರಡು ಸುಳಿ. ಅವನ್ನು ಪಳಗಿಸುವುದು ಪ್ರಪಂಚದಲ್ಲಿ ತನ್ನೊಬ್ಬನಿಗೇ ಗೊತ್ತು ಎಂದು ಕತ್ತರಿಯ ನಂಬಿಕೆ. ತಿಂಗಳ ಮೊದಲ ಸೋಮವಾರ ಕೂದಲು, ಉಳಿದ ಸೋಮವಾರ ಬರೀ ಗಡ್ಡ. ಕತ್ತರಿಯ ಹೆಂಡತಿ ಒಮ್ಮೆ ಕೇಳಿಯೇಬಿಟ್ಟಳು: "ಆ ತಲೆ ನೋಡೋ ಹಾಗೆ ನನ್ನ ಮುಖ ಯಾವತ್ತಾದ್ರೂ ನೋಡಿದೀರಾ?"

ಹೊಳೆಯಾಚೆಯ ಸಿರಿವಂತ ಕ್ಲಬ್ಬಿನವರು ನಮ್ಮ ಮ್ಯಾನೇಜರನ ಮೇಲೆ ಕಣ್ಣು ಹಾಕಿದ್ದಾರೆ ಎಂದು ಪತ್ರಿಕೆಯಲ್ಲಿ ಬಂದದ್ದೇ ತಡ, ಬೆಂಚು ನ್ಯಾಯಾಲಯವಾಯಿತು.

"ಹೋಗ್ತಾನೆ ಕಣ್ರೀ. ಅಲ್ಲಿನ ಮೈದಾನದ ಹುಲ್ಲು ನಮ್ಮನೆ ಹಾಸಿಗೆಗಿಂತ ಮೆತ್ತಗಿದೆ," ಎಂದ ಬಸ್ ಡ್ರೈವರ್. ದಿನಕ್ಕೆ ನಾಲ್ಕು ಸಲ ಸೇತುವೆ ದಾಟುವವನು, ಅವನ ಮಾತಿಗೆ ತೂಕ.

"ಬಾಯಿ ಮುಚ್ಚೋ. ನಾವು ಕೊನೇ ಸ್ಥಾನದಲ್ಲಿದ್ದಾಗ ಬಿಟ್ಟು ಹೋಗದವನು ಈಗ ಹೋಗ್ತಾನಾ?" ಎಂದರು ಗಣಿತದ ಮೇಷ್ಟ್ರು. "ಕತ್ತರಿ, ನೀನ್ ಹೇಳಪ್ಪಾ. ಆ ತಲೆ ಒಳಗಿರೋದು ನಿನಗಲ್ದೆ ಯಾರಿಗ್ ಗೊತ್ತು?"

"ಎಲ್ಲಿಗೂ ಹೋಗಲ್ಲ," ಎಂದ ಕತ್ತರಿ, ಆ ತಲೆಯನ್ನು ತಾನೇ ಹೆತ್ತವನ ಹಾಗೆ.

ಮೊದಲ ಸೋಮವಾರ ಮ್ಯಾನೇಜರ್ ಬಂದು ಕೂತ. "ಗಡ್ಡ ಮಾತ್ರ ಸಾಕಣ್ಣ," ಎಂದ. ಬಟ್ಟೆ ಹೊದಿಸಿ ಹಿಂದೆ ಗಂಟು ಹಾಕಲು ಬಗ್ಗಿದ ಕತ್ತರಿ ಹಾಗೇ ನಿಂತ. ಕೂದಲು ಆಗಲೇ ಕತ್ತರಿಸಿಯಾಗಿತ್ತು! ಕತ್ತಿನ ಮೇಲಿನ ಅಂಚನ್ನು ನಮ್ಮವನು ದುಂಡಗೆ ಬಿಡುತ್ತಾನೆ, ಇದು ಚೌಕ. ಸುಳಿಗಳೆರಡೂ ಕೆರಳಿದ ಬೆಕ್ಕಿನ ಹಾಗೆ ಎದ್ದು ನಿಂತಿದ್ದವು. ಚೌಕದ ಅಂಚು ಹೊಳೆಯಾಚೆಯ ಅಂಗಡಿಗಳ ರೂಢಿ. ಅವತ್ತು ಕತ್ತರಿ ಕಲಸಿದ ನೊರೆಯಲ್ಲಿ ಇಡೀ ತಂಡದ ಬಟ್ಟೆ ಒಗೆಯಬಹುದಿತ್ತು.

ಸಂಜೆ ಬೆಂಚು ಕೇಳಿದಾಗ, "ಹೋಗಿ ಆಯ್ತು," ಎಂದ.

"ಸಹಿ ಹಾಕಿದ್ನಾ?"

"ತಲೇನೇ ಕೊಟ್ಟು ಬಂದಿದಾನೆ, ಇನ್ನು ಸಹಿ ಏನು! ಕತ್ತು ನೋಡಿ ಹೋಗಿ. ಚೌಕ!"

ಮೇಷ್ಟ್ರ ಮುಖವೂ ಕಪ್ಪಿಟ್ಟಿತು. ಕತ್ತರಿ ನನ್ನ ಕಡೆ ತಿರುಗಿದ. "ಭಾವ, ಹನ್ನೊಂದು ವರ್ಷ! ಆ ಕೈ ಯಾವನದು ಅಂತ ಗೊತ್ತಾಗ್ಬೇಕು ನನಗೆ."

"ಅವನನ್ನೇ ಕೇಳ್ಬಹುದಿತ್ತಲ್ಲೋ."

"ನಾನ್ಯಾಕೆ ಕೇಳ್ಲಿ? ಅವನೇ ಹೇಳ್ಬೇಕು."

ಭಾನುವಾರದ ಆಟದಲ್ಲಿ ಹತ್ತು ಸಾವಿರ ಕಣ್ಣು ಚೆಂಡು ಬಿಟ್ಟು ಒಂದು ಕತ್ತನ್ನು ಹುಡುಕಿದವು. "ಚೌಕ! ಚೌಕ!" ಎಂಬ ಕೂಗಿಗೆ ಮೇಲಿನ ಮೋಡಗಳು ದಾರಿ ಬದಲಿಸಿದವು. ಏನೆಂದು ತಿಳಿಯದೆ ಮ್ಯಾನೇಜರ್ ನಮ್ಮತ್ತ ಕೈ ಬೀಸಿದ. ಯಾರೂ ತಿರುಗಿ ಬೀಸಲಿಲ್ಲ. ಎರಡು ಗೋಲಿನಿಂದ ಗೆದ್ದೆವು. ಒಂದು ಚಪ್ಪಾಳೆಯೂ ಇಲ್ಲ.

ಮರುದಿನ ಅವನು ಬಂದಾಗ ಬೆಂಚಿನ ಮೇಲೆ ನಾನೊಬ್ಬನೇ. ಕೆನ್ನೆಗೆ ನೊರೆ ಹತ್ತಿದ ಮೇಲೆ ಅವನು ಕನ್ನಡಿಯಲ್ಲೇ ಕೇಳಿದ: "ಅಣ್ಣಾ, ಚೌಕ ಅಂದ್ರೆ ಏನು?"

"ಕೂದಲು ಯಾರ ಹತ್ರ ಮಾಡಿಸಿದ್ರಿ ಸಾರ್?"

"ಮಗಳ ಹತ್ರ. ಹೊಳೆಯಾಚೆ ಈ ಕೆಲಸಾನೇ ಕಲೀತಿದಾಳೆ, ಪರೀಕ್ಷೆಗೆ ಒಂದು ತಲೆ ಬೇಕಿತ್ತು. ಹೇಳಿದ್ರೆ ನೀನು ಬೇಜಾರು ಮಾಡ್ಕೋತೀಯ ಅಂತ ಸುಮ್ಮನಿದ್ದೆ."

ಕತ್ತರಿಯ ಬ್ರಷ್ ಗಾಳಿಯಲ್ಲೇ ನಿಂತಿತು. "ಸಾರ್, ಕತ್ತಿನ ಚೌಕದ ಅಂಚು ನೋಡಿ ನೀವು ಹೊಳೆಯಾಚೆಗೆ ಹೋಗಾಯ್ತು ಅಂದುಬಿಟ್ಟೆ. ಆ ಕೂಗು ಹುಟ್ಟಿದ್ದು ಈ ಬಾಯಲ್ಲಿ."

ಮ್ಯಾನೇಜರ್ ತುಟಿಯ ಮೇಲಿನ ನೊರೆ ಒರೆಸಿಕೊಂಡ. "ಆ ಕ್ಲಬ್ಬಿನವರಿಗೆ ಎರಡು ಸಲ ಬರಲ್ಲ ಅಂದಿದ್ದೆ ಅಣ್ಣ. ನಿನ್ನೆ ಆಟ ಮುಗಿಸಿ ಹೋದವನೇ ಬರ್ತೀನಿ ಅಂದುಬಿಟ್ಟೆ. ನಿನ್ನೊಬ್ಬನ ಬಾಯಾಗಿದ್ರೆ ನುಂಗ್ಕೋತಿದ್ದೆ. ಅಷ್ಟು ಜನದಲ್ಲಿ ಒಬ್ರೂ ನನ್ನ ಕೇಳ್ಲಿಲ್ವಲ್ಲ." ಆಮೇಲೆ ಮೆಲ್ಲಗೆ, "ಗಡ್ಡ ಮುಗಿಸು."

ಸುದ್ದಿ ಪತ್ರಿಕೆಯಲ್ಲಿ ಬಂದ ಸಂಜೆ ಬೆಂಚು ಕತ್ತರಿಯ ಬೆನ್ನು ತಟ್ಟಿತು. "ಏನ್ ಕಣ್ಣು ಕಣೋ ನಿಂದು! ಕತ್ತು ನೋಡೇ ಹೇಳಿಬಿಟ್ಟೆಯಲ್ಲ!"

"ಅವನು ಹೋಗಿರಲಿಲ್ಲ. ನಾನೇ ಕಳಿಸಿದ್ದು."

ಎಲ್ಲರೂ ಬಿದ್ದು ಬಿದ್ದು ನಕ್ಕರು. "ಬುರುಡೆ ಬಿಡೋ ಭಾವನ ಗಾಳಿ ನಿನಗೂ ಬೀಸಿತಲ್ಲೋ!" ಎಂದು ಮೇಷ್ಟ್ರು ಕಣ್ಣೊರೆಸಿಕೊಂಡರು. ನಾನು ಸಾಕ್ಷಿ ಹೇಳಬಹುದಿತ್ತು. ಆದರೆ ನನ್ನ ಮಾತು ನಂಬುವವರು ಆ ಬೆಂಚಿನಲ್ಲಿ ಇನ್ನೂ ಹುಟ್ಟಬೇಕು.

ಎಲ್ಲ ಎದ್ದು ಹೊರಟಾಗ ಕತ್ತರಿ ಡ್ರೈವರನ ತೋಳು ಹಿಡಿದು ನಿಲ್ಲಿಸಿದ. "ಆ ಕಡೆ ಹೋದಾಗ ಒಂಚೂರು ವಿಚಾರಿಸ್ಕೊಂಡು ಬಾ ಮಾರಾಯ. ಅಲ್ಲಿ ಗಡ್ಡ ಯಾರ ಹತ್ರ ಮಾಡಿಸ್ತಾನೆ?"